ಸಹಾಯ ಬೇಕು: ಸೆರೆಂಗೆಟಿಲಿ ಸಿಕ್ಕ ಈ ಸ್ಟಾರ್ಲಿಂಗ್ ಯಾವುದು?

ಎಲ್ರಿಗೂ ನಮಸ್ಕಾರ, ಹೋದ ತಿಂಗಳು ಟಾಂಜಾನಿಯಾ ಸಫಾರಿಗೆ ಹೋಗಿದ್ವಿ, ಸೆರೆಂಗೆಟಿಲಿ ಊಟಕ್ಕೆ ಜೀಪ್ ನಿಲ್ಸಿದಾಗ ಹತ್ರಾನೇ ಬಂದ ಹಕ್ಕಿದು ಫೋಟೊ ತೆಗ್ದೆ, ನಮ್ಮ ಗೊರವಂಕದ ಬಳಗದ್ದೇ, ಬೆನ್ನು ಮಿರಮಿರ ನೀಲಿ, ಹೊಟ್ಟೆ ಕೆಂಗಂದು, ಎಷ್ಟು ಚೆಂದ ಅಂದ್ರೆ ಬೆಳಿಗ್ಗೆ ನೋಡಿದ ಸಿಂಹಾನೂ ಮರ್ತೋಯ್ತು. ಗೈಡ್ ಸುಪರ್ಬ್ ಸ್ಟಾರ್ಲಿಂಗ್ ಅಂದ್ರು. ಮನೆಗೆ ಬಂದು ಪುಸ್ತಕ ನೋಡಿದ್ರೆ ಅದಕ್ಕೆ ಎದೆ ಮೇಲೆ ಬಿಳಿ ಪಟ್ಟಿ, ತಿಳಿ ಬಣ್ಣದ ಕಣ್ಣು ಇರ್ಬೇಕು, ನನ್ನ ಫೋಟೊದಲ್ಲಿ ಎರಡೂ ಇಲ್ಲ. ಅದೇ ಥರ ಕಾಣೋ ಇನ್ನೊಂದು ಜಾತಿ, ಹಿಲ್ಡೆಬ್ರಾಂಟ್ ಸ್ಟಾರ್ಲಿಂಗ್‌ಗೆ ಕೆಂಪು ಕಣ್ಣಂತೆ, ಆದ್ರೆ ನೆರಳಲ್ಲಿ ತೆಗ್ದಿದ್ದಕ್ಕೆ ಕಣ್ಣು ಬರೀ ಕಪ್ಪಗೆ ಕಾಣ್ತಿದೆ, ಸುಪರ್ಬ್ ಮರಿಗೂ ಕಣ್ಣು ಕಪ್ಪಗೇ ಇರುತ್ತೆ, ಹಕ್ಕಿ ಗುರುತಿಸೋ ಆಪ್‌ಗೆ ಹಾಕಿದ್ರೆ ಎರಡೂ ಹೆಸರು ಕೊಡ್ತು. ಬಾಲದ ಬುಡದಡಿ ಸುಪರ್ಬ್‌ಗೆ ಇರೋ ಹಾಗೆ ಬಿಳಿ ಇಲ್ಲ, ಕೆಂಗಂದೇ ಇದೆ. ಇದೊಂದು ಗುರುತು ಇಟ್ಕೊಂಡು ಹಿಲ್ಡೆಬ್ರಾಂಟ್ ಅಂತ ನಾನು ನೋಡಿದ ಹಕ್ಕಿಗಳ ಪಟ್ಟಿಲಿ ಬರ್ಕೋಬಹುದಾ, ಇಲ್ಲಾ ಬೇರೆ ಏನಾದ್ರೂ ನೋಡ್ಬೇಕಾ?