ಕೊರೆಯುವ ಚಳಿಯಲ್ಲಿ ಟ್ರಾವೆಲ್ ಟ್ರೇಲರ್ ಬೆಚ್ಚಗಿಡಲು ದೊಡ್ಡ ಹೀಟರ್ ಬೇಕೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಆರು ಮೀಟರ್ ಉದ್ದದ ಟ್ರಾವೆಲ್ ಟ್ರೇಲರ್ (ವಾಹನದ ಹಿಂದೆ ಕಟ್ಟಿ ಎಳೆದೊಯ್ಯುವ ಚಕ್ರದ ಮನೆ) ಒಂದರಲ್ಲಿ ನಾವಿಬ್ಬರು ಈ ಚಳಿಗಾಲವನ್ನು ಕಳೆಯಬೇಕಾಗಿದೆ. ರಾತ್ರಿಯ ಉಷ್ಣಾಂಶ ಸೊನ್ನೆಗಿಂತ 5 ಡಿಗ್ರಿ ಸೆಲ್ಸಿಯಸ್ ಕೆಳಕ್ಕೆ ಇಳಿಯುತ್ತದೆ. ಟ್ರೇಲರ್‌ನ ಜೊತೆಗೇ ಬಂದ ಗ್ಯಾಸ್ ಫರ್ನೇಸ್, ಅಂದರೆ ಗ್ಯಾಸ್ ಉರಿಸಿ ಬಿಸಿಗಾಳಿ ಊದುವ ಹೀಟರ್, ರಾತ್ರಿಯೆಲ್ಲ ಹತ್ತಿ ಆರುತ್ತಲೇ ಇರುತ್ತದೆ. ಆದರೆ ಅದರ ಫ್ಯಾನನ್ನು ನಡೆಸುವ 100 ಆಂಪಿಯರ್-ಅವರ್ (ಬ್ಯಾಟರಿ ಹಿಡಿದಿಡುವ ವಿದ್ಯುತ್ತಿನ ಅಳತೆ) ಸಾಮರ್ಥ್ಯದ ಸೀಸ-ಆಮ್ಲ ಬ್ಯಾಟರಿ ಬೆಳಗಿನ ಜಾವಕ್ಕೆ ಇಳಿದುಹೋಗಿ, ಚಳಿ ಅತಿ ಹೆಚ್ಚಾಗಿರುವ ಹೊತ್ತಿನಲ್ಲೇ ಫರ್ನೇಸ್ ನಿಂತುಬಿಡುತ್ತದೆ. ಅದು ಓಡುತ್ತಿರುವಾಗಲೂ ತಲೆಯ ಮಟ್ಟದಲ್ಲಿ ಸೆಕೆಯೆನಿಸಿದರೆ ಕಾಲ ಬುಡದಲ್ಲಿ ಕೊರೆಯುತ್ತಿರುತ್ತದೆ. ಕಿಟಕಿಗಳ ಒಳಮೈಯಿಂದ ನೀರಿಳಿದು ಚೌಕಟ್ಟಿನಲ್ಲಿ ನಿಲ್ಲುತ್ತದೆ. ಹಾಸಿಗೆಯ ಅಡಿಭಾಗ ಒದ್ದೆಯಾಗಿ ಬೂಷ್ಟು ಹಿಡಿಯತೊಡಗಿದೆ.

ಇನ್ನೂ ದೊಡ್ಡ ಫರ್ನೇಸ್ ಹಾಕಿಸಬೇಕೆಂದು ಒಬ್ಬರು, ಚಾವಣಿಯ ಗವಾಕ್ಷಿ ಮತ್ತು ನೆಲದ ಕಿಂಡಿಗಳನ್ನೆಲ್ಲ ಬಿಗಿಯಾಗಿ ಮುಚ್ಚಬೇಕೆಂದು ಇನ್ನೊಬ್ಬರು, ಮಲಗುವ ಮುನ್ನ ಅಡುಗೆಯ ಒಲೆಯನ್ನು ಸ್ವಲ್ಪ ಹೊತ್ತು ಉರಿಸಿದರೆ ಸಾಕೆಂದು ಮತ್ತೊಬ್ಬರು ಹೇಳುತ್ತಿದ್ದಾರೆ. ಇನ್ವರ್ಟರ್ ಹಾಕಿ ಸಣ್ಣ ವಿದ್ಯುತ್ ಹೀಟರ್ ನಡೆಸಬಹುದೇ ಎಂಬ ಯೋಚನೆಯೂ ಇದೆ. ಅನುಭವವುಳ್ಳವರು ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಮಾಡಲೇಬಾರದು ಎಂಬುದನ್ನು ಕಾರಣಸಹಿತ ತಿಳಿಸಿದರೆ ಬಹಳ ಉಪಕಾರವಾಗುತ್ತದೆ.

ಮೊದಲ ಉತ್ತರ

ನಮಸ್ಕಾರ. ದೊಡ್ಡ ಫರ್ನೇಸ್‌ನ ಯೋಚನೆಯನ್ನು ದಯವಿಟ್ಟು ಬಿಡಿ. ನಿಮ್ಮ ಟ್ರೇಲರ್‌ಗೆ ಎಷ್ಟು ಕಾವು ಬೇಕೆಂಬುದನ್ನು ಒಮ್ಮೆ ಲೆಕ್ಕ ಹಾಕಿ ನೋಡಿದರೆ ಕೊರತೆಯಿರುವುದು ಫರ್ನೇಸ್‌ನಲ್ಲಲ್ಲ ಎಂಬುದು ನಿಮಗೇ ತಿಳಿಯುತ್ತದೆ. ಆರು ಮೀಟರ್ ಉದ್ದ, ಸುಮಾರು 2.3 ಮೀಟರ್ ಅಗಲ, 2.1 ಮೀಟರ್ ಎತ್ತರದ ಪೆಟ್ಟಿಗೆಗೆ ಗೋಡೆ, ನೆಲ, ಚಾವಣಿ ಸೇರಿ 60 ಚದರ ಮೀಟರ್‌ಗಿಂತ ಸ್ವಲ್ಪ ಹೆಚ್ಚು ಮೇಲ್ಮೈ ಇರುತ್ತದೆ. ತೆಳುಗೋಡೆ ಮತ್ತು ಕಿಟಕಿಗಳನ್ನು ಒಟ್ಟಿಗೆ ಹಿಡಿದು, ಪ್ರತಿ ಚದರ ಮೀಟರ್‌ನಿಂದ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ 1.2 ವ್ಯಾಟ್ ಸೋರುತ್ತದೆಂದು ಇಟ್ಟುಕೊಂಡರೆ, ಒಳಗೆ 20 ಮತ್ತು ಹೊರಗೆ ಮೈನಸ್ 5 ಡಿಗ್ರಿ ಇರುವಾಗ ಸುಮಾರು 2 ಕಿಲೋವ್ಯಾಟ್ ಕಾವು ಹೊರಗೆ ಹೋಗುತ್ತಿರುತ್ತದೆ. ಇಂಥ ಟ್ರೇಲರ್‌ಗಳಿಗೆ ಅಳವಡಿಸುವ ಫರ್ನೇಸ್‌ಗಳು ಸಾಮಾನ್ಯವಾಗಿ 5 ಕಿಲೋವ್ಯಾಟ್‌ಗೂ ಮೇಲಿನವು. ಎಂದರೆ ಬೇಕಾದುದರ ಎರಡರಷ್ಟಕ್ಕಿಂತ ಹೆಚ್ಚು ಶಕ್ತಿ ಈಗಲೇ ನಿಮ್ಮಲ್ಲಿದೆ.

ಬ್ಯಾಟರಿಯ ತೊಂದರೆಯೂ ಇದೇ ಲೆಕ್ಕದಿಂದ ಬಿಡಿಸಿಕೊಳ್ಳುತ್ತದೆ. ಫ್ಯಾನ್ 7 ಆಂಪಿಯರ್ ಎಳೆಯುತ್ತದೆಂದೂ ರಾತ್ರಿಯ ಹನ್ನೆರಡು ಗಂಟೆಗಳಲ್ಲಿ ಅರ್ಧ ಕಾಲ ಓಡುತ್ತದೆಂದೂ ಭಾವಿಸಿದರೆ 42 ಆಂಪಿಯರ್-ಅವರ್ ಖರ್ಚಾಗುತ್ತದೆ. ಸೀಸ-ಆಮ್ಲ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಷ್ಯ ಕುಗ್ಗುತ್ತದೆ, ಜೊತೆಗೆ ಚಳಿಯಲ್ಲಿ ಅದರ ಸಾಮರ್ಥ್ಯವೂ ತಗ್ಗುತ್ತದೆ. ಆದ್ದರಿಂದ ನಿಮ್ಮ 100ರಲ್ಲಿ ನಿಜಕ್ಕೂ ಕೈಗೆ ಸಿಗುವುದು 40ರ ಆಸುಪಾಸು. ದೀಪ, ನೀರಿನ ಪಂಪು, ಫೋನ್ ಚಾರ್ಜು ಸೇರಿದ ಮೇಲೆ ಬೆಳಗಿನ ಜಾವಕ್ಕೆ ಬ್ಯಾಟರಿ ಕೈಕೊಡುವುದು ಸಹಜವೇ. ಸೋರಿಕೆಯನ್ನು ಕಾಲುಭಾಗ ತಗ್ಗಿಸಿದರೆ ಫ್ಯಾನ್ ಓಡುವ ಹೊತ್ತೂ ಕಾಲುಭಾಗ ತಗ್ಗುತ್ತದೆ, ಗ್ಯಾಸೂ ಅಷ್ಟೇ ಉಳಿಯುತ್ತದೆ. ಎರಡು ತೊಂದರೆಗಳಿಗೆ ಒಂದೇ ಮದ್ದು ಇರುವುದರಿಂದಲೇ ನಾನು ಇದನ್ನು ಮೊದಲಿಗೆ ಇಡುತ್ತೇನೆ.

ಎಲ್ಲಿಂದ ಸೋರುತ್ತದೆ ಎಂಬುದನ್ನು ಗಾಳಿ ಜೋರಾಗಿರುವ ದಿನ ಒದ್ದೆ ಅಂಗೈ ಹಿಡಿದು ಹುಡುಕಿ. ಬಾಗಿಲಿನ ರಬ್ಬರ್ ಪಟ್ಟಿ, ಸಿಂಕ್‌ನ ಕೆಳಗೆ ಕೊಳವೆಗಳು ನೆಲವನ್ನು ದಾಟುವ ತೂತುಗಳು, ಹೊರಗಿನಿಂದ ತೆರೆಯುವ ಸಾಮಾನು ಗೂಡಿನ ಮುಚ್ಚಳ, ಚಕ್ರದ ಮೇಲಿನ ಕಮಾನು ಇವು ಸಾಮಾನ್ಯವಾಗಿ ಸಿಕ್ಕಿಬೀಳುವ ಜಾಗಗಳು. ಕಿಟಕಿಗಳಿಗೆ ಅಳತೆಗೆ ಸರಿಯಾಗಿ ಕತ್ತರಿಸಿದ ಫೋಮ್ ಹಲಗೆಯನ್ನು ರಾತ್ರಿ ಒಳಗಿನಿಂದ ಒತ್ತಿ ಕೂರಿಸಿ, ಬೆಳಕು ಬೇಕಾದ ಕಿಟಕಿಗೆ ಮಾತ್ರ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಎಳೆದು ಅಂಟಿಸಿ. ಗಾಜಿಗೂ ಹಾಳೆಗೂ ನಡುವೆ ಉಳಿಯುವ ನಿಂತ ಗಾಳಿಯೇ ಇಲ್ಲಿ ಕೆಲಸ ಮಾಡುತ್ತದೆ. ಹೊಳೆಯುವ ಅಲ್ಯೂಮಿನಿಯಂ ಹಾಳೆಯ ಹೊದಿಕೆಗೂ ಇದೇ ಮಾತು ಅನ್ವಯಿಸುತ್ತದೆ: ಅದನ್ನು ಗಾಜಿಗೆ ಒತ್ತಿ ಅಂಟಿಸಿದರೆ ಪ್ರಯೋಜನ ಅಲ್ಪ.

ನೆಲದ ವಿಷಯದಲ್ಲಿ ಸ್ವಲ್ಪ ಹೆಚ್ಚು ಶ್ರಮ ವಹಿಸಿ, ಏಕೆಂದರೆ ನಿಮ್ಮ ಕಾಲಿನ ಚಳಿಗೆ ಟ್ರೇಲರ್‌ನ ಅಡಿಯಲ್ಲಿ ಹಾದುಹೋಗುವ ಗಾಳಿಯೇ ಮುಖ್ಯ ಕಾರಣ. ಒಂದಕ್ಕೊಂದು ಸಿಕ್ಕಿಸುವ ಫೋಮ್ ಚಾಪೆಗಳನ್ನು ಹಾಸಿ ಮೇಲೆ ದಪ್ಪ ಜಮಖಾನ ಹೊದಿಸಿದರೆ ವ್ಯತ್ಯಾಸ ಆ ರಾತ್ರಿಯೇ ಗೊತ್ತಾಗುತ್ತದೆ. ಬಿಸಿಗಾಳಿ ಹಗುರವಾಗಿ ಚಾವಣಿಗೆ ಏರಿ ಅಲ್ಲೇ ನಿಲ್ಲುವುದರಿಂದ, ಅತ್ಯಲ್ಪ ವಿದ್ಯುತ್ ಎಳೆಯುವ 12 ವೋಲ್ಟ್‌ನ ಪುಟ್ಟ ಫ್ಯಾನೊಂದನ್ನು ಮೇಲೆ ಕಟ್ಟಿ ಕೆಳಮುಖವಾಗಿ ತಿರುಗಿಸಿ. ಫರ್ನೇಸ್ ತನ್ನೊಳಗೆ ಗಾಳಿ ಎಳೆದುಕೊಳ್ಳುವ ಜಾಲರಿಯ ಮುಂದೆ ಸಾಮಾನು ಒಟ್ಟಿದ್ದರೆ ಅದನ್ನೂ ತೆಗೆಯಿರಿ.

ಇನ್ವರ್ಟರ್‌ನ ಯೋಚನೆ ನಡೆಯುವುದಿಲ್ಲ. 1500 ವ್ಯಾಟ್‌ನ ಹೀಟರ್ 12 ವೋಲ್ಟ್ ಬ್ಯಾಟರಿಯಿಂದ 125 ಆಂಪಿಯರ್‌ಗಿಂತ ಹೆಚ್ಚು ಎಳೆಯುತ್ತದೆ. ನಿಮ್ಮ ಬ್ಯಾಟರಿ ಒಂದು ಗಂಟೆಯೂ ಬಾಳುವುದಿಲ್ಲ. ನಿಂತ ಜಾಗದಲ್ಲಿ ವಿದ್ಯುತ್ ಸಂಪರ್ಕ ಸಿಗುವುದಾದರೆ ಮಾತ್ರ ಎಣ್ಣೆ ತುಂಬಿದ ರೇಡಿಯೇಟರ್ ಎಂಬ ವಿದ್ಯುತ್ ಹೀಟರ್ ಬಳಸಿ. ಅದಕ್ಕೆ ತೆಳುವಾದ ಎಕ್ಸ್‌ಟೆನ್ಷನ್ ವಯರ್ ಬೇಡ. ರೀಲಿಗೆ ಸುತ್ತಿದ ಕೇಬಲ್ ಇದ್ದರೆ ಪೂರ್ತಿ ಬಿಚ್ಚಿಕೊಳ್ಳಿ, ಸುತ್ತಿಟ್ಟ ಕೇಬಲ್ ಕಾದು ಕರಗುವ ಅಪಾಯವಿದೆ.

ಎರಡನೆಯ ಉತ್ತರ

ಮೊದಲ ಉತ್ತರ ಬರೆದವರ ಲೆಕ್ಕವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಆದರೆ ಸಂದುಗಳನ್ನು ಮುಚ್ಚಬೇಕೆಂಬ ಮಾತನ್ನು ಓದಿದವರು ಎಲ್ಲವನ್ನೂ ಮುಚ್ಚಿಬಿಡುವ ಸಂಭವ ಇರುವುದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ. ತಯಾರಕರು ಉದ್ದೇಶಪೂರ್ವಕವಾಗಿ ಬಿಟ್ಟಿರುವ ನೆಲದ ಮಟ್ಟದ ಕಿಂಡಿಯನ್ನೂ ಚಾವಣಿಯ ಗವಾಕ್ಷಿಯನ್ನೂ ಎಂದಿಗೂ ಪೂರ್ತಿ ಮುಚ್ಚಬೇಡಿ. ಅಡುಗೆ ಅನಿಲ ಗಾಳಿಗಿಂತ ಭಾರವಾದುದರಿಂದ ಸೋರಿದರೆ ನೆಲದಲ್ಲೇ ಹರಡಿ ನಿಲ್ಲುತ್ತದೆ. ಕೆಳಗಿನ ಕಿಂಡಿ ಇರುವುದು ಅದು ಹೊರಬೀಳಲೆಂದು.

ಒಲೆ ಉರಿಸಿ ಬೆಚ್ಚಗಾಗುವ ಸಲಹೆಯನ್ನು ಯಾರು ಕೊಟ್ಟರೂ ಕೇಳಬೇಡಿ. ಫರ್ನೇಸ್‌ನ ಉರಿ ಹೊರಗಿನ ಗಾಳಿಯನ್ನು ಎಳೆದುಕೊಂಡು ಹೊಗೆಯನ್ನು ಹೊರಗೇ ಬಿಡುತ್ತದೆ. ಒಲೆಯಾದರೋ ನೀವು ಉಸಿರಾಡುವ ಗಾಳಿಯನ್ನೇ ಉರಿಸಿ, ಉರಿದುದನ್ನು ಅದೇ ಕೋಣೆಗೆ ಬಿಡುತ್ತದೆ. ಆಮ್ಲಜನಕ ಕಡಿಮೆಯಾದಂತೆ ಉರಿ ಅಪೂರ್ಣವಾಗಿ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರನ್ನು ಎಬ್ಬಿಸುವುದೂ ಇಲ್ಲ. ಮಲಗುವ ಜಾಗದ ಹತ್ತಿರ ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದು, ನೆಲದ ಹತ್ತಿರ ಅನಿಲ ಸೋರಿಕೆಯ ಅಲಾರಂ ಒಂದು ಇಲ್ಲದೆ ಚಳಿಗಾಲದ ಒಂದು ರಾತ್ರಿಯನ್ನೂ ಕಳೆಯಬೇಡಿ. ಇವುಗಳಿಗೂ ಆಯುಷ್ಯವಿದೆ, ಹಿಂಬದಿಯಲ್ಲಿ ಬರೆದಿರುವ ಅವಧಿ ಮುಗಿದಿದ್ದರೆ ಗುಂಡಿ ಒತ್ತಿದಾಗ ಸದ್ದು ಬಂದರೂ ನಂಬುವಂತಿಲ್ಲ.

ನೀವು ಒದ್ದೆಯ ಬಗ್ಗೆ ಬರೆದಿರುವುದಕ್ಕೂ ಒಲೆಗೂ ನೇರ ಸಂಬಂಧವಿದೆ. ಅಡುಗೆ ಅನಿಲದಲ್ಲಿರುವ ಪ್ರೋಪೇನ್ ಒಂದು ಕಿಲೋ ಉರಿದರೆ ಸುಮಾರು 1.6 ಕಿಲೋ ನೀರಾವಿ ಉಂಟಾಗುತ್ತದೆ. 20 ಡಿಗ್ರಿಯ ಗಾಳಿಯಲ್ಲಿ ತೇವಾಂಶ ಶೇಕಡಾ 50ರಷ್ಟಿದ್ದರೆ, 9 ಡಿಗ್ರಿಗಿಂತ ತಣ್ಣಗಿರುವ ಯಾವ ಮೈಗೆ ತಗುಲಿದರೂ ಅದು ನೀರಾಗುತ್ತದೆ. ಒಂಟಿ ಗಾಜಿನ ಒಳಮೈ ನಿಮ್ಮಲ್ಲಿ ರಾತ್ರಿ ಎರಡು ಮೂರು ಡಿಗ್ರಿಗೆ ಇಳಿಯುವುದರಿಂದ ಅಲ್ಲಿ ನೀರು ಇಳಿಯದೆ ಇರಲಾರದು. ಇದಕ್ಕೆ ಪರಿಹಾರ ಗಾಳಿಯಾಟವೇ. ಹೊರಗಿನ ಗಾಳಿ ತಣ್ಣಗಿದ್ದರೂ ಅದು ಒಣಗಾಳಿ: ಮೈನಸ್ 5 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿದಿಡಬಲ್ಲ ನೀರಾವಿ ಸುಮಾರು 3.3 ಗ್ರಾಂ, 20 ಡಿಗ್ರಿಯಲ್ಲಾದರೆ ಸುಮಾರು 17 ಗ್ರಾಂ. ನಿಮ್ಮ ಟ್ರೇಲರ್‌ನ ಒಳಗಿರುವ ಸುಮಾರು 29 ಘನ ಮೀಟರ್ ಗಾಳಿಯನ್ನು ಗಂಟೆಗೊಮ್ಮೆ ಬದಲಾಯಿಸಿದರೆ 150 ಗ್ರಾಂನಷ್ಟು ನೀರು ಹೊರಹೋಗುತ್ತದೆ, ಮಲಗಿರುವ ಇಬ್ಬರ ಉಸಿರು ಮತ್ತು ಬೆವರಿನಿಂದ ಬರುವುದಕ್ಕಿಂತ ಇದು ಹೆಚ್ಚು. ಆ ಗಾಳಿಯನ್ನು ಬಿಸಿ ಮಾಡಲು ತಗಲುವುದು 250 ವ್ಯಾಟ್‌ಗೂ ಕಡಿಮೆ. ಒಣ ಗೋಡೆ, ಒಣ ಹಾಸಿಗೆಗಾಗಿ ಕೊಡಬಹುದಾದ ಬೆಲೆ ಅದು ಎಂದೇ ನನ್ನ ಅಭಿಪ್ರಾಯ. ಗವಾಕ್ಷಿಯನ್ನು ಎರಡು ಬೆರಳಿನಷ್ಟು ತೆರೆದಿಡಿ, ಅಡುಗೆ ಮಾಡುವಾಗ ಅಲ್ಲಿನ ಫ್ಯಾನ್ ಹಾಕಿ, ಪಾತ್ರೆಗೆ ಮುಚ್ಚಳವಿರಲಿ, ಒದ್ದೆ ಬಟ್ಟೆಯನ್ನು ಒಳಗೆ ಒಣಹಾಕಬೇಡಿ. ಹಾಸಿಗೆಯ ಅಡಿಯಲ್ಲಿ ಮರದ ಪಟ್ಟಿಗಳನ್ನು ಜೋಡಿಸಿ ಗಾಳಿ ಹಾಯುವಂತೆ ಮಾಡಿದರೆ ಬೂಷ್ಟು ಹಿಡಿಯುವುದು ನಿಲ್ಲುತ್ತದೆ.

ಸಿಲಿಂಡರ್‌ನಲ್ಲಿ ಯಾವ ಅನಿಲವಿದೆ ಎಂಬುದನ್ನೂ ಕೇಳಿ ತಿಳಿಯಿರಿ. ಬ್ಯೂಟೇನ್ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಆವಿಯಾಗುವುದನ್ನು ನಿಲ್ಲಿಸುತ್ತದೆ, ಪ್ರೋಪೇನ್ ಮೈನಸ್ 42 ಡಿಗ್ರಿಯವರೆಗೂ ಆವಿಯಾಗುತ್ತದೆ. ಎರಡೂ ಬೆರೆತ ಸಿಲಿಂಡರ್ ಆಗಿದ್ದರೆ ಪ್ರೋಪೇನ್ ಮೊದಲು ಖರ್ಚಾಗಿ, ತೂಕ ಇರುವಾಗಲೇ ಉರಿ ಸೊರಗುತ್ತದೆ. ಹಾಗಾದಾಗ ಸಿಲಿಂಡರನ್ನು ಒಳಗೆ ತರುವುದಾಗಲಿ ಬೆಂಕಿಯಿಂದ ಕಾಯಿಸುವುದಾಗಲಿ ಸರ್ವಥಾ ಕೂಡದು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ಒಲೆಯ ವಿಚಾರವನ್ನು ಇಂದೇ ಕೈಬಿಟ್ಟೆವು, ಕಾರ್ಬನ್ ಮೊನಾಕ್ಸೈಡ್ ಅಲಾರಂ ಅವಧಿ ಮೀರಿದ್ದು ಕಂಡುಬಂದುದರಿಂದ ಹೊಸದನ್ನು ಹಾಕಿದ್ದೇವೆ. ಇನ್ನು ಮೂರು ಸಂದೇಹಗಳು ಉಳಿದಿವೆ. ಟ್ರೇಲರ್‌ನ ಸುತ್ತ ನೆಲದವರೆಗೆ ಟಾರ್ಪಾಲು ಕಟ್ಟುವುದು ಒಳ್ಳೆಯದೇ? ವಿದ್ಯುತ್ ಸಂಪರ್ಕ ಸಿಕ್ಕ ದಿನಗಳಲ್ಲಿ ಫರ್ನೇಸ್ ಆರಿಸಿ ಕೇವಲ ರೇಡಿಯೇಟರ್ ನಡೆಸಿದರೆ ನೀರಿನ ಕೊಳವೆಗಳಿಗೆ ತೊಂದರೆಯಾಗುತ್ತದೆಯೇ? ಬ್ಯಾಟರಿ ಬದಲಿಸುವುದಾದರೆ ಲಿಥಿಯಂ ತೆಗೆದುಕೊಳ್ಳಬಹುದೇ?

ಮೂರನೆಯ ಉತ್ತರ

ಟಾರ್ಪಾಲು ಖಂಡಿತವಾಗಿ ಕಟ್ಟಿ, ಒಂದೇ ಕಡೆ ಹೆಚ್ಚು ದಿನ ನಿಲ್ಲುವುದಾದರೆ ಫೋಮ್ ಹಲಗೆಯನ್ನೇ ಸುತ್ತ ನಿಲ್ಲಿಸಿ. ಅಡಿಯಲ್ಲಿ ಗಾಳಿ ಹಾಯುವುದು ನಿಂತರೆ ನೆಲವೂ ಕೊಳವೆಗಳೂ ಒಟ್ಟಿಗೆ ಚಳಿಯಿಂದ ಉಳಿಯುತ್ತವೆ. ಆದರೆ ಫರ್ನೇಸ್‌ನ ಹೊಗೆ ಬಿಡುವ ಬಾಯಿ ಈ ಆವರಣದ ಒಳಗೆ ಸಿಕ್ಕಿಕೊಳ್ಳಕೂಡದು. ಹಿಮ ಬಿದ್ದ ಬೆಳಿಗ್ಗೆ ಮೊದಲು ನೋಡಬೇಕಾದುದು ಆ ಬಾಯಿ ಮುಚ್ಚಿಹೋಗಿದೆಯೇ ಎಂಬುದನ್ನು.

ಎರಡನೆಯ ಸಂದೇಹ ಬಹಳ ಮುಖ್ಯವಾದದ್ದು. ಅನೇಕ ಟ್ರೇಲರ್‌ಗಳಲ್ಲಿ ಫರ್ನೇಸ್‌ನ ಬಿಸಿಗಾಳಿಯ ಒಂದು ಕವಲು ನೆಲದ ಅಡಿಯ ಟ್ಯಾಂಕು ಮತ್ತು ಕೊಳವೆಗಳ ಕಡೆಗೆ ಹೋಗುತ್ತದೆ. ರೇಡಿಯೇಟರ್ ಮಾತ್ರ ನಡೆಸಿದರೆ ಒಳಗೆ ನೀವು ಬೆಚ್ಚಗಿರುತ್ತೀರಿ, ಒಳಗಿನ ಕಾವು ನೋಡಿ ಫರ್ನೇಸನ್ನು ಹತ್ತಿಸುವ ಥರ್ಮೋಸ್ಟಾಟ್ ತೃಪ್ತವಾಗಿ ಸುಮ್ಮನಿರುತ್ತದೆ, ಅಡಿಯಲ್ಲಿ ಮಾತ್ರ ನೀರು ಹೆಪ್ಪುಗಟ್ಟುತ್ತಿರುತ್ತದೆ. ಹೆಪ್ಪುಗಟ್ಟಿದ ನೀರು ಸುಮಾರು ಶೇಕಡಾ 9ರಷ್ಟು ಹಿಗ್ಗುವುದರಿಂದ ಪಂಪು, ನಲ್ಲಿ, ಕೊಳವೆಯ ಜೋಡಣೆಗಳು ಸೀಳುತ್ತವೆ, ಮತ್ತು ಅದು ಗೊತ್ತಾಗುವುದು ಮಂಜು ಕರಗಿ ನೀರು ಸುರಿದಾಗಲೇ. ಆದ್ದರಿಂದ ತೀವ್ರ ಚಳಿಯ ರಾತ್ರಿಗಳಲ್ಲಿ ರೇಡಿಯೇಟರ್ ಜೊತೆಗೆ ಫರ್ನೇಸನ್ನೂ ಆಗಾಗ ಹತ್ತುವಂತೆ ಇಡಿ. ಸಿಂಕ್ ಕೆಳಗಿನ ಬಾಗಿಲುಗಳನ್ನು ರಾತ್ರಿ ತೆರೆದಿಡಿ. ಹೊರಗಿನ ನಲ್ಲಿಗೆ ಪೈಪನ್ನು ಸದಾ ಜೋಡಿಸಿಡುವ ಬದಲು ಒಳಗಿನ ಟ್ಯಾಂಕನ್ನು ತುಂಬಿಸಿಕೊಂಡು ಪೈಪನ್ನು ಬರಿದು ಮಾಡಿ ಎತ್ತಿಡಿ. ಬಳಸಿದ ನೀರಿನ ಟ್ಯಾಂಕಿನ ಕವಾಟವನ್ನು ಮುಚ್ಚಿಟ್ಟು, ತುಂಬಿದಾಗ ಒಮ್ಮೆಗೇ ಹರಿಯಬಿಡಿ. ಸದಾ ತೆರೆದಿಟ್ಟರೆ ಹನಿಹನಿಯಾಗಿ ಇಳಿಯುವ ನೀರು ಪೈಪಿನಲ್ಲೇ ಮಂಜಾಗಿ ಕಟ್ಟಿಕೊಳ್ಳುತ್ತದೆ. ಆ ಟ್ಯಾಂಕಿಗೆ ಆ್ಯಂಟಿಫ್ರೀಜ್ (ಹೆಪ್ಪುಗಟ್ಟದಂತೆ ತಡೆಯುವ ದ್ರವ) ಹಾಕುವುದಾದರೆ ಟ್ರೇಲರ್‌ಗಳಿಗೆಂದೇ ಇರುವ ಪ್ರೊಪಿಲೀನ್ ಗ್ಲೈಕಾಲ್ ಮಾತ್ರ ಹಾಕಿ. ಕಾರಿನ ರೇಡಿಯೇಟರ್‌ಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ.

ಮೊದಲ ಉತ್ತರ ಬರೆದವರಿಂದ

ಬ್ಯಾಟರಿಯ ಬಗ್ಗೆ ನಾನು ಹೇಳುತ್ತೇನೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ತುಂಬಿದುದರ ಬಹುಭಾಗವನ್ನು ಬಳಸಬಹುದು, ಆ ದೃಷ್ಟಿಯಿಂದ ಅದು ನಿಮಗೆ ಒಳ್ಳೆಯ ಆಯ್ಕೆ. ಆದರೆ ಸೊನ್ನೆ ಡಿಗ್ರಿಗಿಂತ ಕೆಳಗಿರುವಾಗ ಅದನ್ನು ಚಾರ್ಜು ಮಾಡಿದರೆ ಒಳಗೆ ಶಾಶ್ವತ ಹಾನಿಯಾಗುತ್ತದೆ. ಟ್ರೇಲರ್‌ನ ಮುಂದಿನ ಕೊಂಡಿಯ ಮೇಲಿರುವ ಪೆಟ್ಟಿಗೆಯಲ್ಲಿ ಅದನ್ನು ಇಡಬೇಡಿ, ಬೆಚ್ಚಗಿರುವ ಒಳಭಾಗದಲ್ಲಿಡಿ, ಮತ್ತು ಚಳಿಯಲ್ಲಿ ಚಾರ್ಜು ತಾನೇ ನಿಲ್ಲಿಸುವ ವ್ಯವಸ್ಥೆ ಅದರಲ್ಲಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಚಾರ್ಜರ್ ಸಹ ಲಿಥಿಯಂಗೆ ಹೊಂದುವಂಥದ್ದಾಗಿರಬೇಕು. ಸದ್ಯಕ್ಕೆ ಹಳೆಯ ಬ್ಯಾಟರಿಯಲ್ಲೇ ಮುಂದುವರಿಯುವುದಾದರೆ ಅದನ್ನು ಇಳಿದ ಸ್ಥಿತಿಯಲ್ಲಿ ಬಿಡಬೇಡಿ. ತುಂಬಿದ ಸೀಸ-ಆಮ್ಲ ಬ್ಯಾಟರಿ ಚಳಿಯನ್ನು ಚೆನ್ನಾಗಿ ತಡೆಯುತ್ತದೆ, ಇಳಿದದ್ದು ಸೊನ್ನೆಗಿಂತ ಕೆಲವೇ ಡಿಗ್ರಿ ಕೆಳಗೆ ಹೆಪ್ಪುಗಟ್ಟಿ ಒಡೆಯಬಹುದು.

ಮುಂದೆ ಎಂದಾದರೂ ಎರಡನೆಯ ಹೀಟರ್ ಹಾಕಿಸುವ ಮನಸ್ಸಿದ್ದರೆ 2 ಕಿಲೋವ್ಯಾಟ್‌ನ ಡೀಸೆಲ್ ಹೀಟರನ್ನು ಪರಿಶೀಲಿಸಿ. ಹೊತ್ತಿಕೊಳ್ಳುವ ಮೊದಲ ಕೆಲವು ನಿಮಿಷ ಹೆಚ್ಚು ವಿದ್ಯುತ್ ಎಳೆದರೂ ಆಮೇಲೆ ಅದರ ಫ್ಯಾನ್‌ಗೆ ನಿಮ್ಮ ಫರ್ನೇಸ್‌ನ ಫ್ಯಾನ್‌ಗಿಂತ ಬಹಳ ಕಡಿಮೆ ಸಾಕು. ಅದರ ಗಾಳಿಯೂ ಹೊಗೆಯೂ ಹೊರಗಿನ ಕೊಳವೆಗಳಲ್ಲೇ ಹೋಗುವಂತೆ, ಹೊಗೆಯ ಕೊಳವೆ ಟಾರ್ಪಾಲಿನ ಆಚೆ ತೆರೆಯುವಂತೆ ಅಳವಡಿಸಬೇಕು. ಡೀಸೆಲ್‌ನಲ್ಲಿರುವ ಮೇಣ ಚಳಿಗೆ ಗಟ್ಟಿಯಾಗಿ ಫಿಲ್ಟರ್ ಕಟ್ಟಿಕೊಳ್ಳುವುದರಿಂದ ಚಳಿಗಾಲಕ್ಕೆಂದು ಮಾರುವ ಡೀಸೆಲನ್ನೇ ತುಂಬಿಸಬೇಕು. ಆದರೆ ಕಿಟಕಿ ಮತ್ತು ನೆಲದ ಕೆಲಸ ಮುಗಿಸಿ ಕೆಲವು ರಾತ್ರಿ ನೋಡಿದ ಮೇಲೆಯೇ ಆ ಖರ್ಚಿಗೆ ಕೈಹಾಕಿ, ಬಹುಶಃ ಅದರ ಅಗತ್ಯವೇ ಬೀಳಲಿಕ್ಕಿಲ್ಲ.