ಪದಚರ್ಚೆ: ಹಳೆಯ ಬೈಕಿನ ‘ಅರ್ತ್’ ಭೂಸಂಪರ್ಕವೇ?

ಬಳಗದ ಎಲ್ಲರಿಗೂ ನಮಸ್ಕಾರ.

ಡೈನಮೊ (ಎಂಜಿನ್ ತಿರುಗಿಸಿದಾಗ ಕರೆಂಟು ಹುಟ್ಟಿಸುವ ಯಂತ್ರ) ಇರುವ ಹಳೆಯ ಬೈಕುಗಳ ಚಾರ್ಜಿಂಗ್ ದುರಸ್ತಿಯ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. 6 ವೋಲ್ಟಿನ ಗಾಡಿಯನ್ನು 12 ವೋಲ್ಟಿಗೆ ಏರಿಸುವ ಅಧ್ಯಾಯದಲ್ಲಿ ಬರವಣಿಗೆ ನಿಂತಿದೆ. ಅಡ್ಡ ಬಂದಿರುವುದು ‘ಅರ್ತ್’ ಎಂಬ ಪದ.

ಪಠ್ಯಪುಸ್ತಕದ ಕನ್ನಡದಲ್ಲಿ ಇದು ‘ಭೂಸಂಪರ್ಕ’. ಮನೆಯ ವೈರಿಂಗಿಗೆ ಈ ಮಾತು ಒಪ್ಪುತ್ತದೆ. ಅಲ್ಲಿ ತಂತಿ ನಿಜವಾಗಿಯೂ ನೆಲದೊಳಗೆ ಇಳಿಯುತ್ತದೆ. ಬೈಕು ನಿಂತಿರುವುದು ರಬ್ಬರ್ ಟೈರುಗಳ ಮೇಲೆ. ಅದರ ಬ್ಯಾಟರಿಯ ಒಂದು ತುದಿಯನ್ನು ಫ್ರೇಮಿಗೆ ಬಿಗಿದಿರುತ್ತಾರೆ. ದೀಪ, ಹಾರ್ನ್, ಡೈನಮೊ ಎಲ್ಲಕ್ಕೂ ಒಂದು ಕಡೆ ತಂತಿ, ಇನ್ನೊಂದು ಕಡೆ ಗಾಡಿಯ ಲೋಹವೇ ದಾರಿ. ಭೂಮಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ಹೆಸರಿನಲ್ಲೇನಿದೆ ಎಂದು ಇದನ್ನು ಬಿಟ್ಟುಬಿಡುವಂತಿಲ್ಲ. ಹಳೆಯ ಬ್ರಿಟಿಷ್ ಬೈಕುಗಳಲ್ಲಿ ಹೆಚ್ಚಿನವುಗಳ ಪ್ಲಸ್ ತುದಿ ಫ್ರೇಮಿಗೆ ಸೇರಿರುತ್ತದೆ. ಇಂದಿನ ಗಾಡಿಗಳಲ್ಲಿ ಸೇರುವುದು ಮೈನಸ್. ಇಂದಿನ ಗಾಡಿಗೆ ಒಗ್ಗಿದ ಕೈ ಹಳೆಯದರಲ್ಲೂ ಮೈನಸನ್ನೇ ಫ್ರೇಮಿಗೆ ಬಿಗಿದರೆ, ಡೈನಮೊದ ವೋಲ್ಟೇಜನ್ನು ಹದದಲ್ಲಿಡಲು ಹೊಸದಾಗಿ ಹಾಕಿದ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಕಣ್ಣೆದುರೇ ಸುಟ್ಟುಹೋಗಬಹುದು. ‘ಧನ ಭೂಸಂಪರ್ಕ’ ಎಂದು ಬರೆದರೆ ಸ್ಪ್ಯಾನರ್ ಹಿಡಿದು ಕುಳಿತವನಿಗೆ ಯಾವ ತಂತಿ ಎಲ್ಲಿಗೆ ಎಂಬುದು ಹೊಳೆಯುವುದಿಲ್ಲ. ಕೈಪಿಡಿಯ ಪದ ಅಷ್ಟನ್ನಾದರೂ ಹೇಳಬೇಕು.

ವರ್ಕ್‌ಶಾಪಿನ ಮಾತು ‘ಬಾಡಿ’. ಕೇಳಲು ಚೆನ್ನಾಗಿದೆ, ಎಲ್ಲರಿಗೂ ಗೊತ್ತಿದೆ. ತೊಡಕಿರುವುದು ವಿಭಕ್ತಿ ಹಚ್ಚಿದಾಗ: ‘ಪ್ಲಸ್ ತಂತಿ ಬಾಡಿಗೆ’ ಎಂದು ಅಚ್ಚಾದರೆ ಓದುವವರು ತಂತಿಯ ಬಾಡಿಗೆ ಎಷ್ಟು ಎಂದು ಹುಡುಕಬೇಕಾಗುತ್ತದೆ. ಈ ಅಧ್ಯಾಯದಲ್ಲಿ ಚತುರ್ಥಿಯಿಲ್ಲದೆ ಒಂದು ಪುಟವೂ ಸಾಗುವುದಿಲ್ಲ.

‘ಚೌಕಟ್ಟು’ ಎಂದರೆ ಹೇಗೆ? ಅದು ಫ್ರೇಮಿಗೆ ಮಾತ್ರ ಸಲ್ಲುತ್ತದೆ. ಕರೆಂಟು ಮರಳುವ ದಾರಿಯಲ್ಲಿ ಎಂಜಿನ್ ಕೇಸು, ಫೋರ್ಕು, ಹೆಡ್‌ಲೈಟಿನ ಡೂಮು ಎಲ್ಲವೂ ಬರುತ್ತವೆ. ಡೂಮಿನಿಂದ ಫ್ರೇಮಿಗೆ ಬರಬೇಕಾದ ಕರೆಂಟು ಹ್ಯಾಂಡಲ್ ತಿರುಗುವ ಜಾಗದ ಬೇರಿಂಗುಗಳನ್ನು ದಾಟಬೇಕು. ಅಲ್ಲಿ ತುಂಬಿರುವುದು ಗ್ರೀಸು. ಡೈನಮೊ ಸರಿಯಾಗಿದ್ದರೂ ದೀಪ ಮಂಕಾಗುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಡೂಮಿನಿಂದ ಫ್ರೇಮಿಗೆ ನೇರವಾಗಿ ಒಂದು ತಂತಿ ಎಳೆದು, ಬೋಲ್ಟಿನ ಕೆಳಗೆ ಬಣ್ಣವನ್ನು ಬರಿಯ ಲೋಹ ಕಾಣುವವರೆಗೆ ಕೆರೆದು ಬಿಗಿದರೆ ದೀಪ ಬೆಳಗುತ್ತದೆ. ಹೊಸದಾಗಿ ಬಣ್ಣ ಹೊಡೆಸಿದ ಗಾಡಿಗಳಲ್ಲಂತೂ ಇದನ್ನು ಮೊದಲು ನೋಡಬೇಕು. ಹಾಗಾಗಿ ಗಾಡಿಯ ಲೋಹವನ್ನೆಲ್ಲ ಒಟ್ಟಿಗೆ ಹಿಡಿಯುವ ಪದವೇ ಬೇಕು.

ನನ್ನ ಮನಸ್ಸು ‘ಮೈ’ ಕಡೆಗೆ ವಾಲುತ್ತಿದೆ. ‘ಪ್ಲಸ್ ತುದಿ ಮೈಗೆ’, ‘ಮೈತಂತಿ’. ಚಿಕ್ಕ ಪದ, ವಿಭಕ್ತಿ ಹಚ್ಚಿದರೂ ಅರ್ಥ ಕೆಡುವುದಿಲ್ಲ, ‘ಬಾಡಿ’ ಎನ್ನುವವರಿಗೆ ತಕ್ಷಣ ತಿಳಿಯುತ್ತದೆ. ಧನ, ಋಣಗಳನ್ನು ಕೈಬಿಟ್ಟು ಪ್ಲಸ್, ಮೈನಸ್ ಎಂದೇ ಬರೆಯುತ್ತೇನೆ. ಬ್ಯಾಟರಿಯ ಮೇಲೆ ಇರುವುದೂ ಆ ಗುರುತುಗಳೇ.

ಎರಡನೆಯ ಪ್ರಶ್ನೆ ಒಂದು ಕ್ರಿಯಾಪದದ್ದು. ಡೈನಮೊಗೆ ಹುಟ್ಟಿನಿಂದ ಬಂದ ಪ್ಲಸ್, ಮೈನಸ್ ಇಲ್ಲ. ಒಳಗಿನ ಕಬ್ಬಿಣದಲ್ಲಿ ಉಳಿದಿರುವ ಅಲ್ಪ ಕಾಂತತೆಯ ದಿಕ್ಕು ಅದನ್ನು ನಿರ್ಧರಿಸುತ್ತದೆ. ಬಹಳ ಕಾಲ ಬಿಚ್ಚಿಟ್ಟ ಡೈನಮೊದಲ್ಲಿ ಅದು ಅಳಿದಿರಬಹುದು. ಮೈಗೆ ಸೇರಿಸುವ ತುದಿಯನ್ನು ಬದಲಿಸಿದರೆ ಕಾಂತತೆಯ ದಿಕ್ಕನ್ನೂ ತಿರುಗಿಸಬೇಕು. ಲೂಕಸ್ ಕಂಪನಿಯ ಡೈನಮೊದಲ್ಲಿ ಡಿ (ಕರೆಂಟು ಹೊರಬರುವುದು), ಎಫ್ (ಕಾಂತತೆ ಹುಟ್ಟಿಸುವ ಸುರುಳಿಯದು) ಎಂಬ ಎರಡು ತುದಿಗಳಿರುತ್ತವೆ. ಎಫ್ ತುದಿಯಿಂದ ರೆಗ್ಯುಲೇಟರಿನ ತಂತಿಯನ್ನು ಬಿಚ್ಚಿ, ಬ್ಯಾಟರಿಯಲ್ಲಿ ಮೈಗೆ ಸೇರದೆ ಉಳಿದ ತುದಿಯಿಂದ ಒಂದು ತಂತಿಯನ್ನು ತಂದು ಎಫ್‌ಗೆ ಒಂದೆರಡು ಕ್ಷಣ ಮುಟ್ಟಿಸಿ ತೆಗೆದರೆ ಕೆಲಸ ಮುಗಿಯಿತು. ಈ ಕ್ರಿಯೆಗೆ ‘ಧ್ರುವೀಕರಣ’ ಎಂದು ಬರೆಯಲು ನನಗೆ ಇಷ್ಟವಿಲ್ಲ. ಇಂದು ಆ ಪದ ಕಂಡ ಕೂಡಲೇ ಜನ ರಾಜಕೀಯದ ಸುದ್ದಿ ಎಂದುಕೊಳ್ಳುತ್ತಾರೆ. ‘ಕಾಂತತೆ ಕೂರಿಸುವುದು’ ಎನ್ನಬಹುದೇ? ಬೇರಿಂಗ್ ಕೂರಿಸುವುದು, ವಾಲ್ವ್ ಕೂರಿಸುವುದು ಈಗಾಗಲೇ ಬಳಕೆಯಲ್ಲಿವೆ.

12 ವೋಲ್ಟಿಗೆ ಏರಿಸುವುದನ್ನು ವಿವರಿಸುವುದು ಸುಲಭ. 36 ವಾಟಿನ ದೀಪ 6 ವೋಲ್ಟಿನಲ್ಲಿ 6 ಆಂಪಿಯರ್ ಎಳೆಯುತ್ತದೆ, 12 ವೋಲ್ಟಿನಲ್ಲಿ 3 ಸಾಕು. ಕರೆಂಟು ಅರ್ಧವಾದಾಗ ಹಳೆಯ ತಂತಿ, ಸಡಿಲ ಜೋಡಣೆಗಳಲ್ಲಿ ಬಿಸಿಯಾಗಿ ಹೋಗುವ ಶಕ್ತಿ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಬ್ಯಾಟರಿ, ಬಲ್ಬು, ಹಾರ್ನ್ ಬದಲಾಗಬೇಕು; ಇಗ್ನಿಷನ್ ಬ್ಯಾಟರಿಯಿಂದ ನಡೆಯುವುದಾದರೆ ಅದರ ಕಾಯಿಲ್ ಕೂಡ.

ಕೊನೆಯದು ‘ಕಟೌಟ್’. ಎಂಜಿನ್ ನಿಧಾನವಾಗಿ ಓಡುವಾಗ ಡೈನಮೊದ ವೋಲ್ಟೇಜು ಬ್ಯಾಟರಿಗಿಂತ ಕೆಳಗಿರುತ್ತದೆ. ಆಗ ಕರೆಂಟು ಹಿಂದಕ್ಕೆ ಹರಿದು ಡೈನಮೊವನ್ನೇ ಮೋಟಾರಿನಂತೆ ತಿರುಗಿಸಲು ನೋಡುತ್ತದೆ. ಬ್ಯಾಟರಿ ಬರಿದಾಗುತ್ತದೆ, ಡೈನಮೊದ ಸುರುಳಿ ಬಿಸಿಯಾಗುತ್ತದೆ. ಇದನ್ನು ತಡೆಯುವ ಪುಟ್ಟ ಸ್ವಿಚ್ ಈ ಕಟೌಟ್. ಎಲೆಕ್ಟ್ರಾನಿಕ್ ರೆಗ್ಯುಲೇಟರಿನಲ್ಲಿ ಇದೇ ಕೆಲಸವನ್ನು ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಮಾಡುತ್ತದೆ. ಕಟೌಟ್ ಎಂದರೆ ಕನ್ನಡಿಗರ ಕಣ್ಣಿಗೆ ಬರುವುದು ಚಿತ್ರಮಂದಿರದ ಮುಂದಿನ ನಾಯಕ. ‘ಹಿಂಹರಿವು ತಡೆ’ ಎಂದು ಬರೆದಿಟ್ಟಿದ್ದೇನೆ. ಅರ್ಥ ಸರಿ, ಆದರೆ ಬಾಯಿಗೆ ಸಲೀಸಾಗಿ ಬರುತ್ತಿಲ್ಲ. ಚಿತ್ರದ ಬಾಣದ ಪಕ್ಕದಲ್ಲಿ ಹಿಡಿಸುವಷ್ಟು ಚಿಕ್ಕದಾದ, ದುರಸ್ತಿ ಮಾಡುವವರು ಆಡುವ ಪದ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ‘ಮೈ’ಗೆ ಆಕ್ಷೇಪವಿದ್ದರೆ ಅದನ್ನೂ ಬರೆಯಿರಿ.