ಹರಳು ತಾನಾಗಿಯೇ ಸುತ್ತುತ್ತೆ, ಹೇಗೆ?

ಪ್ರಶ್ನೆ: ದಾರಕ್ಕೆ ಕಟ್ಟಿದ ಹರಳನ್ನು ಹಿಡಿದು ಪ್ರಶ್ನೆ ಕೇಳಿದ್ರೆ, ಉತ್ತರ ‘ಹೌದು’ ಆದ್ರೆ ಸುತ್ತುತ್ತೆ, ‘ಇಲ್ಲ’ ಆದ್ರೆ ಅಡ್ಡ ತೂಗುತ್ತೆ. ನಾನೂ ಹಿಡಿದು ನೋಡಿದೆ, ಕೈ ಅಲ್ಲಾಡಿಸಲೇ ಇಲ್ಲ, ಆದ್ರೂ ಸುತ್ತಿತು! ಅಕ್ಕ ಈಗ ಮಾತ್ರೆ ನಿಲ್ಲಿಸಬೇಕಾ ಅಂತಲೂ ಅದನ್ನೇ ಕೇಳುತ್ತಿದ್ದಾಳೆ. ಭಯವಾಗುತ್ತಿದೆ.

ಉತ್ತರ 1: ಆಡಿಸಿದ್ದು ನಿಮ್ಮ ಕೈಯೇ, ನಿಮಗೇ ಗೊತ್ತಾಗದ ಹಾಗೆ. ಬೆರಳಿನ ಸಣ್ಣ ಅಲುಗಾಟ ದಾರದ ತುದಿಯಲ್ಲಿ ದೊಡ್ಡದಾಗಿ ಕಾಣುತ್ತೆ. ಫ್ರಾನ್ಸಿನ ರಸಾಯನ ವಿಜ್ಞಾನಿ ಶೆವ್ರಲ್ 1833ರಲ್ಲೇ ಇದನ್ನು ಬರೆದಿದ್ದರು: ಕಣ್ಣಿಗೆ ಬಟ್ಟೆ ಕಟ್ಟಿಕೊಂಡರೆ ತೂಗಾಟ ಕಡಿಮೆಯಾಗುತ್ತೆ. ಅದೇ ದಾರವನ್ನು ಮೊಳೆಗೆ ನೇತುಹಾಕಿ, ಅಕ್ಕನ ಎದುರೇ ಪ್ರಶ್ನೆ ಕೇಳಿ ನೋಡಿ. ಸುಮ್ನೆ ನಿಂತಿರುತ್ತೆ.

ಉತ್ತರ 2: ಇರಾಕಿನಲ್ಲಿ ಇಂಥದ್ದನ್ನೇ ಬಾಂಬ್ ಪತ್ತೆ ಯಂತ್ರ ಅಂತ ಮಾರಿದರು, ಎಡಿಇ 651. ಹಿಡಿಕೆ, ತಿರುಗುವ ಆಂಟೆನಾ, ಅಷ್ಟೇ; ಅದನ್ನೂ ತಿರುಗಿಸುತ್ತಿದ್ದುದು ಹಿಡಿದವರ ಕೈಯೇ. ಮಾರಿದವನಿಗೆ ಬ್ರಿಟನ್ನಿನಲ್ಲಿ 2013ರಲ್ಲಿ 10 ವರ್ಷ ಜೈಲಾಯಿತು. ಮಾತ್ರೆ ವಿಷಯ ಮಾತ್ರ ಇವತ್ತೇ ಡಾಕ್ಟರ್ ಹತ್ತಿರ ಮಾತಾಡಿಸಿ.

ಪ್ರಶ್ನೆ ಕೇಳಿದವರು: ಮೊಳೆಗೆ ಹಾಕಿದೆವು. ಅಲ್ಲಾಡಲೇ ಇಲ್ಲ. ಅಕ್ಕ ತುಂಬಾ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದಳು.